ಹತ್ತೊಂಬತ್ತು ಕಿಲೋ ಬೆಲ್ಲ

ಮೊಮ್ಮಗಳು ತೀರಿಕೊಂಡಳೆಂದು ಆಸ್ಪತ್ರೆಯಿಂದ ಸುದ್ದಿ ಬಂದ ದಿನ ವಿಜ್ಞಾನದ ಮೇಷ್ಟ್ರು ಅಳಲಿಲ್ಲ. ಸೂತಕ ಕಳೆದ ಮರುದಿನ, ಅವಳ ಹೆಸರಿನಲ್ಲಿ ಹೊತ್ತಿದ್ದ ತುಲಾಭಾರದ ಹರಕೆ ತೀರಿಸಲು ಬೆಲ್ಲ ಹೊರಿಸಿಕೊಂಡು ದೇವಸ್ಥಾನಕ್ಕೆ ಬಂದರು.

“ತಕ್ಕಡಿಯಲ್ಲಿ ಯಾರನ್ನ ಕೂರಿಸ್ಲಿ, ಮೇಷ್ಟ್ರೇ?” ಅರ್ಚಕರ ದನಿ ಇಳಿಯಿತು.

“ತೂಕ ಇದ್ದು ಜಾಗ ಹಿಡಿಯೋದೇ ದ್ರವ್ಯ ಅಂತ ಪಾಠ ಹೇಳ್ದೋನು ನಾನು. ಅವಳೀಗ ಎರಡೂ ಬಿಟ್ಟು ಹೋದ್ಲು. ಆಸ್ಪತ್ರೆ ಚೀಟೀಲಿ ತೂಕ ಬರ್ದಿದೆ, ಅಷ್ಟು ಕಲ್ಲಿಡಿ.”

“ಚೀಟೀಲಿ ಹನ್ನೊಂದೇ ಕಿಲೋ ಅಂತ ಇದೆಯಲ್ಲ?”

“ಅದು ಕೊನೇ ದಿನದ್ದು. ಮೇಲಿನ ಸಾಲು ನೋಡಿ, ಆಸ್ಪತ್ರೆಗೆ ಸೇರಿಸ್ದಾಗ ಹತ್ತೊಂಬತ್ತಿತ್ತು. ಅಷ್ಟೂ ಕೊಡ್ತೀನಿ.”

“ದೇವರು ಮಗೂನ ಉಳಿಸಿಕೊಡ್ಲಿಲ್ವಲ್ಲ, ಮತ್ಯಾಕೆ ಹರಕೆ?”

“ಉಳಿಸು ಅಂತ ಹೊತ್ತದ್ದಲ್ಲ ಭಟ್ರೇ, ನರಳ್ತಿದಾಳೆ, ಬೇಗ ಕರ್ಕೋ ಅಂತ,” ಎಂದು ಮೇಷ್ಟ್ರು ಕೈಮುಗಿದರು. “ತಂದೇ, ಮಗೂಗೆ ಶಾಂತಿ ಕೊಡು.”