ಕೈ ಚಾಚಿದವರು

ಬೊಂಬೆಯ ಬಲಗೈ ಕೊನೆಗೂ ಕಟಕ್ಕೆಂದು ಮೇಲೆದ್ದಿತು. ಎನಿಡ್ ಅದರ ಟೋಪಿ ಸರಿಮಾಡಿ, ಹಳಿಯ ಕಡೆಗೆ ಮುಖ ತಿರುಗಿಸಿ ನಿಲ್ಲಿಸಿದಳು. ಮುಚ್ಚಿಹೋದ ಬಟ್ಟೆ ಅಂಗಡಿಯಿಂದ ತಂದ ಬೊಂಬೆ ಅದು. ಹಳೇ ಕಾಲದ ಪ್ರಯಾಣಿಕನ ವೇಷ ತೊಟ್ಟು ಪ್ಲಾಟ್‌ಫಾರ್ಮಿಗೆ ಶೋಭೆಯಾಗಿತ್ತು. ಊರವರು ಅದನ್ನು ಮೇಜರ್ ಎನ್ನುತ್ತಿದ್ದರು.

ಯಾರಾದರೂ ಕೈ ಚಾಚಿದರೆ ಮಾತ್ರ ಥಾರ್ನ್‌ಬೆಕ್ ನಿಲ್ದಾಣದಲ್ಲಿ ಉಗಿಬಂಡಿ ನಿಲ್ಲಬೇಕು. ಅಜ್ಜಂದಿರ ಕಾಲದ ಬಂಡಿ, ಅಜ್ಜಂದಿರ ಕಾಲದ್ದೇ ನಿಯಮ. ಇತ್ತೀಚೆಗೆ ಕೈ ಚಾಚುವವರೇ ಇರಲಿಲ್ಲ. "ಹತ್ತೋರಿಲ್ಲ, ಇಳಿಯೋರಿಲ್ಲ, ಮುಚ್ಚಿಬಿಡಿ" ಎಂದು ರೈಲು ಸಂಘದ ಅಧ್ಯಕ್ಷ ಬ್ಲೆಂಕಿನ್ ಹಟ ಹಿಡಿದಿದ್ದ. ಅದನ್ನು ತೀರ್ಮಾನಿಸುವ ಸಭೆಗೆ ಇವತ್ತು ಇದೇ ಬಂಡಿಯಲ್ಲಿ ಹೊರಟಿದ್ದ. ಬಿಡಿಗಾಸಿನ ಸಂಬಳವೂ ಇಲ್ಲದೆ ಬೆಂಚಿಗೆ ಬಣ್ಣ ಬಳಿದು, ಹೂಕುಂಡಗಳಿಗೆ ನೀರೆರೆದು ನಿಲ್ದಾಣವನ್ನು ಸಾಕಿದವಳು ಎನಿಡ್. ಅವಳ ಹೊಟ್ಟೆ ಉರಿಯದೆ ಇರುತ್ತದೆಯೇ?

ಬಂಡಿ ಬುಸುಗುಡುತ್ತ ಬಂತು. ಮೇಜರನ ಕೈ ಕಂಡು ನಿಂತಿತು. ಬ್ಲೆಂಕಿನ್ ದಡದಡನೆ ಇಳಿದ.

"ಯಾರ್ರೀ ಬಂಡಿ ನಿಲ್ಸಿದ್ದು?"

"ಇವ್ರು, ಸಾರ್."

"ಇದು ಬೊಂಬೆ ಅಲ್ವೇನ್ರೀ!"

"ಕೈ ಚಾಚಿರ್ಬೇಕು ಅಂತ ನಿಯಮ ಇದೆ. ಜೀವ ಇರ್ಬೇಕು ಅಂತ ಎಲ್ಲಿದೆ?"

ಬ್ಲೆಂಕಿನ್ ಬಂಡಿಗೆ ಬೆನ್ನು ಹಾಕಿ ಶಿಸ್ತಿನ ಬಗ್ಗೆ ಭಾಷಣ ಶುರುಮಾಡಿದ. ಎನಿಡ್ ತಲೆಯಾಡಿಸುತ್ತಲೇ ಅವನ ಹೆಗಲಾಚೆಗೆ ಕಣ್ಣು ಮಿಟುಕಿಸಿದಳು. ಅಲ್ಲಿ ನಿಂತಿದ್ದ ಗಾರ್ಡ್ ಸಿರಿಲ್ ಎಷ್ಟೋ ವರ್ಷಗಳಿಂದ ಅವಳ ಕೈಯ ಶುಂಠಿ ಕೇಕ್ ತಿಂದವನು. ಉಪ್ಪಿನ ಋಣದ ಹಾಗೆ ಕೇಕಿನ ಋಣವೂ ಇರುತ್ತದೆ. ಅವನು ಸದ್ದಿಲ್ಲದೆ ಹಸಿರು ಬಾವುಟ ಬೀಸಿದ.

ಬ್ಲೆಂಕಿನ್ ತಿರುಗಿ ನೋಡುವಾಗ ಕೊನೆಯ ಡಬ್ಬಿ ತಿರುವು ದಾಟುತ್ತಿತ್ತು.

"ಅಯ್ಯೋ, ನನ್ನ ಸಭೆ!"

"ಗಾಬರಿ ಬೇಡಿ ಸಾರ್, ಹಿಂದೇನೇ ಇನ್ನೊಂದು ಬರುತ್ತೆ. ಇಳಿಯೋರಿಲ್ಲ ಅಂತಿದ್ರಿ, ನೀವೇ ಇಳಿದ್ರಿ. ಹತ್ತೋರೂ ಒಬ್ರು ಸಿಕ್ಕಿದ್ರಲ್ಲ!"

"ಅದು ಇಲ್ಲಿ ನಿಲ್ಲುತ್ತಾ?"

ಎನಿಡ್ ಮೇಜರನ ಹತ್ತಿರ ಹೋಗಿ ಅವನ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು.

"ಪಾಪ, ಇವ್ರಿಗೆ ಕೈ ನೋವು" ಎಂದು ಚಹಾ ಮಾಡಲು ಒಳಗೆ ನಡೆದಳು.

ಅವಳು ಎರಡು ಬಟ್ಟಲು ಹಿಡಿದು ಹೊರಗೆ ಬಂದಾಗ ದೂರದಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ಬ್ಲೆಂಕಿನ್ ಮಾತ್ರ ಮೇಜರನ ಪಕ್ಕದಲ್ಲಿ ನೆಟ್ಟಗೆ ನಿಂತು, ಆಗಲೇ ಕೈ ಚಾಚಿದ್ದ.