ಒಂದೇ ವಾಕ್ಯದ ಹುಡುಗಿ

"ಮಿಸ್, ಮೇ ಐ ಗೋ ಟು ಟಾಯ್ಲೆಟ್?"

ಹೊಸದಾಗಿ ಸೇರಿದ ಹುಡುಗಿ ಅದೇ ಪೀರಿಯಡ್ಡಿನಲ್ಲಿ ಮತ್ತೆ ಎದ್ದು ನಿಂತಿದ್ದಳು. ಮೇಜಿನ ಮೇಲೆ ನೀರು ತುಂಬಿದ ಟಬ್ಬು. ಅದರಲ್ಲಿ ಮುಳುಗಿದ ಬೀಗದ ಕೈ, ತೇಲುವ ಪೆನ್ಸಿಲ್, ಕರಗುತ್ತಿದ್ದ ಐಸ್ ತುಂಡು. ಸೈನ್ಸ್ ಟೀಚರು ಮಕ್ಕಳ ಬಾಯಲ್ಲಿ 'ಸಿಂಕ್', 'ಫ್ಲೋಟ್' ಎಂದು ಹೇಳಿಸುತ್ತ ಒಳ್ಳೆ ಹುರುಪಿನಲ್ಲಿದ್ದರು. "ಗೋ," ಎಂದರು. ಹುಡುಗಿ ಟಬ್ಬಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿಕೊಂಡು ಹೋದಳು. ಬಂದು ಕೂತವಳು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು.

ವಾರವಿಡೀ ಇದೇ ಪಾಡು. ಟೀಚರಿಗೆ ಪಾಪ ಅನ್ನಿಸಿತು. ಮಕ್ಕಳ ಕಷ್ಟ ತನಗೆ ಯಾರೂ ಹೇಳದೆಯೇ ತಿಳಿದುಬಿಡುತ್ತದೆ ಎಂಬ ಹೆಮ್ಮೆ ಬೇರೆ. ತಾಯಿಯನ್ನು ಕರೆಸಿದರು. ಹೊಲಿಗೆ ಅಂಗಡಿಯಿಂದ ನೇರವಾಗಿ ಓಡಿಬಂದ ಆಕೆಯ ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು.

"ಗಾಬರಿ ಆಗ್ಬೇಡಿ. ಮಗೂನ ಒಂದ್ಸಲ ಡಾಕ್ಟರಿಗೆ ತೋರಿಸಿ. ಪದೇ ಪದೇ ಟಾಯ್ಲೆಟ್ಟಿಗೆ ಹೋಗ್ತಾಳೆ. ನನ್ನ ಪೀರಿಯಡ್ಡಲ್ಲಂತೂ ವಿಪರೀತ."

ತಾಯಿ ಮಗಳ ಮುಖ ನೋಡಿದಳು. ಮಗಳು ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆಕೆ ನಗು ತಡೆಯಲಾರದೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹೊಟ್ಟೆಗೇನೂ ಆಗಿಲ್ಲ ಮಿಸ್. ನಿಮ್ಮನ್ನ ಏನೋ ಕೇಳ್ಬೇಕಂತೆ. ಇಂಗ್ಲಿಷಲ್ಲೇ ಮಾತಾಡ್ಬೇಕು ಅಂದಿದ್ದೀರಂತಲ್ಲ, ಇವಳಿಗೆ ಬರೋದು ಅದೊಂದೇ ವಾಕ್ಯ."

"ಮತ್ತೆ ಹೋಗ್ತಿದ್ದಳಲ್ಲ?"

"ನೀವು ಹೋಗು ಅಂದ್ರಿ, ಹೋದೆ," ಎಂದಳು ಹುಡುಗಿ.

ಟೀಚರ ಮುಖ ಹುಳ್ಳಗಾಯಿತು. ಆ ನಿಯಮ ಅವರದೇ. ಹೆಡ್‌ಮಿಸ್ಸು ಸಣ್ಣ ಮಕ್ಕಳಿಗೆ ಬೇಡ ಎಂದರೂ ಹಟ ಹಿಡಿದು ತಂದದ್ದು. ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸಿ ಗೋಡೆಗೆ ಅಂಟಿಸಿದ್ದೂ ಅವರೇ.

"ಏನು ಕೇಳ್ಬೇಕಿತ್ತು ಪುಟ್ಟಿ? ನಮ್ಮ ಮಾತಲ್ಲೇ ಕೇಳು."

"ಐಸೂ ನೀರೇ ಅಲ್ವಾ ಮಿಸ್? ನೀರು ನೀರಿನ ಮೇಲೇ ಹೇಗೆ ತೇಲುತ್ತೆ?"

ಟೀಚರು ಬಾಯಿ ತೆರೆದರು. ಇಂಗ್ಲಿಷಿನಲ್ಲಾಗಿದ್ದರೆ ಎರಡು ದೊಡ್ಡ ಪದ ಎಸೆದು ಪಾರಾಗಬಹುದಿತ್ತು. ಇಷ್ಟು ವರ್ಷ ಪಾರಾಗಿದ್ದೂ ಹಾಗೆಯೇ. ಈಗ ತಾಯಿ ಮಗಳು ಇಬ್ಬರೂ ಉತ್ತರಕ್ಕೆ ಕಾದು ನಿಂತಿದ್ದರು. "ನಾಳೆ ನೋಡೋಣ," ಎಂದು ತೆರೆದ ಬಾಯಿ ಮುಚ್ಚಿದರು.

ಮರುದಿನ ಗೋಡೆಯ ಅಕ್ಷರಗಳು ಕಸದ ಬುಟ್ಟಿ ಸೇರಿದವು. ಟೀಚರು ಗೆರೆ ಹಾಕಿ ಅಲ್ಲಿಯವರೆಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟಿದ್ದ ಬಾಟಲಿಯನ್ನು ತಂದು ಮಕ್ಕಳ ಮುಂದಿಟ್ಟರು. ಐಸು ಗೆರೆ ದಾಟಿ ಮೇಲೆ ಬಂದಿತ್ತು. "ಏನಾಗಿದೆ ನೋಡಿ. ಬಾಯಿಗೆ ಯಾವ ಮಾತು ಬರುತ್ತೋ ಅದರಲ್ಲೇ ಹೇಳಿ. ಇಂಗ್ಲಿಷ್ ಪದ ಆಮೇಲೆ ಸೇರಿಸ್ಕೊಳ್ಳೋಣ."

"ನೀರು ಅಷ್ಟೇ ಇದೆ, ಆದ್ರೆ ಊದ್ಕೊಂಡಿದೆ," ಎಂದಳು ಹುಡುಗಿ. "ಅದಕ್ಕೇ ಹಗುರ." ಹಿಂದಿನ ಬೆಂಚು ಅದನ್ನು ಒಪ್ಪಲಿಲ್ಲ. ಮುಂದಿನ ಬೆಂಚು ಹಿಂದಿನದರ ವಿರುದ್ಧ ತಿರುಗಿಬಿತ್ತು. ಟೀಚರು ಬೋರ್ಡಿನ ಮೇಲೆ ಐಸು ಊದಿಕೊಂಡ ಬಾಟಲಿಯ ಚಿತ್ರ ಬರೆದು ಪಕ್ಕದಲ್ಲಿ 'ಎಕ್ಸ್‌ಪ್ಯಾಂಡ್' ಎಂದು ಬರೆಯುವಷ್ಟರಲ್ಲಿ ಕ್ಲಾಸು ಐಸನ್ನು ಒಬ್ಬೊಬ್ಬರಾಗಿ ಮುಳುಗಿಸಿ ನೋಡಲು ಟಬ್ಬಿನ ಸುತ್ತ ಮುಗಿಬಿದ್ದಿತ್ತು. ಅವರೂ ಹೋಗಿ ನಡುವೆ ತೂರಿಕೊಂಡರು.

ಗದ್ದಲ ಕೇಳಿ ಹೆಡ್‌ಮಿಸ್ಸು ಬಾಗಿಲಲ್ಲಿ ಇಣುಕಿದರು. "ಏನಿದು? ಕ್ಲಾಸಲ್ಲಿ ಟೀಚರ್ ಇಲ್ವಾ?"

ಮಕ್ಕಳ ತಲೆಗಳ ನಡುವಿನಿಂದ, ಮಕ್ಕಳು ಎರಚಿದ ನೀರಿಗೆ ಮೊಣಕೈವರೆಗೆ ಒದ್ದೆಯಾದ ಒಂದು ಕೈ ಮೇಲೆದ್ದಿತು.

"ಇದ್ದೀನಿ ಮೇಡಂ. ನನ್ನ ಸರದಿ ಇನ್ನೂ ಬಂದಿಲ್ಲ."