ಲಾಡಿಗೆ ಕಟ್ಟಿದ ಕೀಲಿಕೈ

ಫೆಬ್ರವರಿ ಕೊನೆ, ತೊಂಬತ್ತೊಂದನೆಯ ಇಸವಿ. ಎರಡನೇ ಬೆಳೆಯ ಭತ್ತ ತೆನೆ ಬಿಡುವ ಹೊತ್ತು. ತುರ್ವಿಹಾಳದ ಬಳಿಯ ಗದ್ದೆಗಳಲ್ಲಿ ಹೆಂಗಸರು ಬೆಳಗಿನಿಂದಲೇ ಕಳೆಗೆ ಬಾಗಿದ್ದರು. ಅಮರಗುಂಡಪ್ಪನ ಹೆಂಡತಿ ಗ್ಯಾನಮ್ಮ ಮಾತ್ರ ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿದ್ದಳು. ರಸ್ತೆಯಲ್ಲಿ ಓಡುತ್ತಿದ್ದ ಗಂಡನಿಗೆ ಕೈ ಬೀಸಲಿಲ್ಲ. ಅವನ ಹಿಂದೆ ಹೊರಟ ಸೈಕಲ್ಲನ್ನೇ ನೋಡಿದಳು.

ಸೈಕಲ್ ಮೇಲೆ ಬಸ್ಸಪ್ಪ. ಕ್ಯಾರಿಯರಿಗೆ ಬಡಿಗೆ ಕಟ್ಟಿದ್ದ. ಮೇಲಿನ ಹೊಲದ ಸಾಹುಕಾರನ ಆಳು. ಕಾಲುವೆಯ ತೂಬಿಗೆ ಸರಪಳಿ ಸುತ್ತಿ, ಬೀಗ ಜಡಿದು ಕಾಯುವುದು ಅವನ ಕೆಲಸ. ಹೋದ ವಾರ ಅಮರಗುಂಡಪ್ಪನ ಪಾಳಿ ಬಂದಾಗ ತೂಬು ತೆರೆಯಲಿಲ್ಲ.

"ಒಂದು ಪಾಳಿ ನೀರು ನಮಗ ಬಾಕಿ ಐತಿ" ಎಂದು ಕೇಳಲು ಹೋದಾಗ ಬಸ್ಸಪ್ಪ ಬಡಿಗೆ ಎತ್ತಿದ್ದ.

"ಮತ್ತ ತೂಬಿನ ಕಡೆ ಬಂದ್ರ ಕಾಲು ಮುರಿತೀನಿ. ಆಮ್ಯಾಲ ಹೆಂಗ ಓಡ್ತಿ ನೋಡ್ತೀನಿ ಮಗನ."

ಇನ್ನೆರಡು ದಿನ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು.

ಆ ದಿನ ನಸುಕಿನಲ್ಲಿ ಬಸ್ಸಪ್ಪ ಕಾಲುವೆಗಿಳಿದು ಮುಖ ತೊಳೆಯುವಾಗ, ಜಾಲಿಗಿಡಕ್ಕೆ ತೂಗುಹಾಕಿದ್ದ ಅಂಗಿಯಿಂದ ಬೀಗದ ಕೀಲಿಕೈ ಮಾಯವಾಗಿತ್ತು. ತರುಣ ಸಂಘದವರು ತುರ್ವಿಹಾಳದಿಂದ ಸಿಂಧನೂರಿಗೆ ಇಟ್ಟಿದ್ದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಅಮರಗುಂಡಪ್ಪ ಬಂದು ನಿಂತಾಗ, ಅವನ ಚಡ್ಡಿಯ ಲಾಡಿಯಲ್ಲಿ ಕಬ್ಬಿಣದ ಬಳೆ, ಬಳೆಯಲ್ಲೊಂದು ಕೀಲಿಕೈ.

"ಏನಪಾ, ಗೆಜ್ಜಿ ಕಟ್ಕೊಂಡು ಓಡಾಂವೇನು?" ಸಂಘದ ಗೆಳೆಯ ಗೌಸ್‌ಸಾಬ್ ನಕ್ಕ.

"ಹಿಂದ ಬರೋರಿಗೆ ಕೇಳ್ಲಿ ಅಂತ."

ಬಸ್ಸಪ್ಪನಿಗೆ ಕೇಳಿತು.

ಹತ್ತು ಕಿಲೋಮೀಟರ್ ತನಕ ಅಮರಗುಂಡಪ್ಪ ಗುಂಪಿನ ನಡುವೆಯೇ ಉಳಿದ. ನಾಲ್ಕು ಜನರ ಮುಂದೆ ಬಸ್ಸಪ್ಪ ಕೈ ಎತ್ತಲಾರ. ಆದರೆ ಗುಂಪು ಚದುರತೊಡಗಿತು. ಮುಂದೆ ಇಬ್ಬರೇ ಇದ್ದರು. ಎದೆ ಉರಿಯುತ್ತಿತ್ತು, ಬರಿಗಾಲಿಗೆ ಡಾಂಬರು ಕಾಯುತ್ತಿತ್ತು. ಹಿಂದೆ ಸೈಕಲ್ಲಿನ ಕಿರ್ರ್ ಸದ್ದು ಹತ್ತಿರ, ದೂರ, ಮತ್ತೆ ಹತ್ತಿರ.

ಹದಿಮೂರನೆಯ ಕಿಲೋಮೀಟರಿನಲ್ಲಿ ಸದ್ದು ನಿಂತಿತು.

ತಿರುಗಿ ನೋಡಿದ. ಸೈಕಲ್ಲಿನ ಚೈನ್ ಕಳಚಿತ್ತು. ಬಸ್ಸಪ್ಪ ಬೆವರು ಒರೆಸಿಕೊಂಡು, ಬಂದ ದಾರಿಯತ್ತ ಮುಖ ಮಾಡಿ ನಿಂತಿದ್ದ.

ಅಮರಗುಂಡಪ್ಪನೂ ನಿಂತ. ಅಲ್ಲೇ ರಸ್ತೆಯಂಚಿಗೆ ಕುಸಿದು ಕೂತ. ಒಬ್ಬೊಬ್ಬರಾಗಿ ಏಳು ಮಂದಿ ದಾಟಿ ಹೋದರು.

"ಏಳಲೇ! ಅಂವ ಬಂದ್ರ ಹೆಣ ಬೀಳ್ತೈತಿ!" ಗೌಸ್‌ಸಾಬ್ ಓಡುತ್ತಲೇ ಕೂಗಿದ.

"ಕಾಲಾಗ ಮುಳ್ಳು. ನೀ ನಡಿ."

ಹಿಮ್ಮಡಿ ತಿಕ್ಕುತ್ತ ಕೂತ. ಕಣ್ಣು ಕಾಲಿನ ಮೇಲಿರಲಿಲ್ಲ. ಲಾಡಿಯ ಬಳೆ ಗಲಗಲ ಎಂದಿತು, ಮತ್ತೊಮ್ಮೆ ಎಂದಿತು. ಬಸ್ಸಪ್ಪ ಹೊರಳಿ ನೋಡಿದ. ಚೈನ್ ಏರಿಸಿದ. ಕ್ಯಾರಿಯರಿನ ಬಡಿಗೆ ಈಗ ಅವನ ಕೈಗೆ ಬಂದಿತ್ತು.

ಸೈಕಲ್ ಹತ್ತಿಪ್ಪತ್ತು ಮಾರು ಹತ್ತಿರವಾದ ಮೇಲೆಯೇ ಅಮರಗುಂಡಪ್ಪ ಎದ್ದು, ಹಿಂದಿನಿಂದ ಬಂದ ನಾಲ್ವರ ನಡುವೆ ಸೇರಿ ಓಡಿದ.

ಸಿಂಧನೂರಿನ ಮೈದಾನ ಮುಟ್ಟಿದಾಗ ಹದಿನಾಲ್ಕನೆಯವನು. ಪೊಲೀಸಪ್ಪ ನಿಂತಿದ್ದ ಕಂಬದ ಬುಡದಲ್ಲೇ ಬಿದ್ದ. ಬಸ್ಸಪ್ಪ ಬಡಿಗೆಯನ್ನು ಸೈಕಲ್ಲಿನ ಜೊತೆ ಒಗೆದು ಬಂದು ಅವನ ಮುಂಗೈ ಹಿಡಿದ.

"ತಾ ಇಲ್ಲಿ ಕೀಲಿಕೈ. ಎರಡು ತಾಸು ಓಡ್ಸೀಯಲ್ಲಲೇ!"

ಅಮರಗುಂಡಪ್ಪ ಲಾಡಿಯ ಗಂಟು ಬಿಚ್ಚಿ ಕೊಟ್ಟ. ಬಸ್ಸಪ್ಪ ಅದನ್ನು ಅಂಗೈಯಲ್ಲಿ ಒಮ್ಮೆ ಮಗುಚಿದ. ಇನ್ನೊಮ್ಮೆ ಮಗುಚಿದ.

"ಅದು ನಮ್ಮ ಮನಿ ಟ್ರಂಕಿಂದು, ಬಸ್ಸಪ್ಪಣ್ಣ. ನಿಂದು ನಸುಕಿನಿಂದ ಗ್ಯಾನಮ್ಮನ ಕಡೆ ಐತಿ. ನಮ್ಮ ಪಾಳಿ ಮುಗಿದಿರ್ತೈತಿ, ತೂಬಿಗೆ ಹೋಗಿ ಇಸ್ಕೋ."